ನಾವು ಜಪಾನಿನ ಕಡೆಯವರು

ನನ್ನ ಗಂಡನ ಹೆಸರು ಹುಲಿಗೇಶ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ಅವನು ಬದುಕಿರುವ ತನಕ ನಾನು ಈ ಹೆಸರನ್ನು ಬಾಯಿಂದ ಆಡಿದವಳಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳಬಾರದು. ಈಗ ಹೇಳುತ್ತೇನೆ, ಬರೆಯುತ್ತೇನೆ. ಅವರು ಇವರು ಅಂತ ಮರ್ಯಾದೆ ಹಚ್ಚಿ ಬರೆದರೆ ಬೇರೆ ಯಾರದೋ ಗಂಡನ ಸುದ್ದಿ ಬರೆದ ಹಾಗೆ ಆಗುತ್ತದೆ. ಅದಕ್ಕೆ ಅವನು ಎಂದೇ ಬರೆಯುತ್ತೇನೆ. ಸಿಟ್ಟಾಗುವವರು ಆಗಲಿ.

ಹುಲಿಗೇಶ ಅಣ್ಣಿಗೇರಿಯಲ್ಲಿ ಹಮಾಲ. ಮುಂಜಾನೆ ದಲಾಲಿ ಅಂಗಡಿಗಳಲ್ಲಿ ಕಡಲೆ ಚೀಲ, ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಮಧ್ಯಾಹ್ನದ ಮೇಲೆ ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ವಿಡಿಯೋ ಗೇಮಿನ ಅಂಗಡಿ ನಡೆಸುತ್ತಿದ್ದ. ಎರಡು ಟಿವಿ, ಎರಡು ಮಷಿನ್, ಗೋಡೆಗೆ ಒಂದು ಫ್ಯಾನು. ತಾಸಿನ ಲೆಕ್ಕದಲ್ಲಿ ಆಡುವುದು. ಕಾಲೇಜಿನವರು ಬರುತ್ತಿದ್ದರು, ರೈಲು ತಪ್ಪಿಸಿಕೊಂಡವರು ಬರುತ್ತಿದ್ದರು, ಟ್ರ್ಯಾಕ್ಟರ್ ಡ್ರೈವರುಗಳು ಬರುತ್ತಿದ್ದರು. ಹಮಾಲನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ಊರು ಕೇಳಿತು. ಕೇಳಿದವರೇ ಸಂಜೆಗೆ ಬಂದು ಕುರ್ಚಿ ಹಿಡಿದರು.

ಅವನಿಗೆ ಈ ಹುಚ್ಚು ಹತ್ತಿದ್ದು ಇಲಿಯಾಸನ ಅಂಗಡಿಯಲ್ಲಿ. ಇಲಿಯಾಸ್ ನಮ್ಮ ಎದುರಿಗೇ ಟಿವಿ, ಮೊಬೈಲ್ ರಿಪೇರಿ ಮಾಡುತ್ತಾನೆ. ಹುಲಿಗೇಶನ ಸಣ್ಣಂದಿನ ಗೆಳೆಯ. ಯಾರೋ ಹುಬ್ಬಳ್ಳಿ ಕಡೆಯವರು ಕೆಟ್ಟ ಗೇಮಿನ ಮಷಿನ್ ಅವನ ಹತ್ತಿರ ರಿಪೇರಿಗೆ ಕೊಟ್ಟು ಹೋದರು, ಮತ್ತೆ ಬರಲಿಲ್ಲ. ಇಲಿಯಾಸ್ ಬಹಳ ದಿನ ಕಾದ. ಆಮೇಲೆ ರಿಪೇರಿ ಮಾಡಿ ಟಿವಿಗೆ ಜೋಡಿಸಿದ. ಅದರ ಚೀಲದಲ್ಲಿ ಎರಡು ಆಟದ ಡಿಸ್ಕು ಇದ್ದವು. ಒಂದು ಅಮೆರಿಕಾದ್ದು, ಕಾಡು, ಹಿಮ, ಬಂದೂಕು. ಇನ್ನೊಂದು ಜಪಾನಿನದು, ಮುರುಕು ಕೋಟೆ, ಒಬ್ಬಂಟಿ ಮನುಷ್ಯ, ಕೈಯಲ್ಲಿ ದೊಡ್ಡ ಕತ್ತಿ. ಅಮೆರಿಕಾದ್ದು ಇಲಿಯಾಸನ ಕೈಗೆ ಬಂತು. ಉಳಿದದ್ದು ಹುಲಿಗೇಶನಿಗೆ. ಅಷ್ಟೇ. ಆರಿಸಿ ತಗೊಂಡದ್ದಲ್ಲ. ಮುಂದೆ ಇಬ್ಬರೂ ಸೇರಿಯೇ ನಮ್ಮ ಕೋಣೆಯಲ್ಲಿ ಅಂಗಡಿ ಕಟ್ಟಿದರು.

ಆದರೆ ಒಮ್ಮೆ ಹಿಡಿದ ಮೇಲೆ ಬಿಡಲಿಲ್ಲ. ಅದಕ್ಕೆ ಕಾರಣ ನಮ್ಮ ಮಾವ ಹೊಳಬಸಪ್ಪ. ಮಾವ ಹರೆಯದಲ್ಲಿ ಗೀಗೀ ಪದದ ಮೇಳದಲ್ಲಿ ತುಂತುಣಿ ಬಾರಿಸಿಕೊಂಡು ಹಾಡಿದವರು. ನಮ್ಮ ಕಡೆ ಈ ಹಾಡಿಕೆಯಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು, ಬೆಳಗಾದರೂ ಯಾರೂ ಸೋತೆ ಅನ್ನುವುದಿಲ್ಲ. ಪಕ್ಷ ಬದಲಿಸುವುದು ಅಂದರೆ ಹಾಡುವವರಿಗೆ ಹೇಸಿಗೆ. ಮಾವ ನಾಗೇಶಿ. ಹಾಡಿದಷ್ಟು ವರ್ಷವೂ ಹೆಣ್ಣು ಹೆಚ್ಚು ಅಂತ ಹಾಡಿದರು.

ಆ ಹಾಡಿಕೆಯ ಮನೆಯಲ್ಲಿ ಹುಟ್ಟಿದವ ಹುಲಿಗೇಶ. ಮೇಳದ ಹಿಂದೆ ತಿರುಗಿ ಬೆಳೆದವ ಇಲಿಯಾಸ್. ಇಬ್ಬರೂ ಗೇಮಿಗೆ ಅದೇ ಕಾಯಿದೆ ಹಚ್ಚಿದರು. ಇಲಿಯಾಸ್ ಅಮೆರಿಕಾದ ಪಕ್ಷ, ಹುಲಿಗೇಶ ಜಪಾನಿನ ಪಕ್ಷ. ಫ್ರಾನ್ಸಿನಲ್ಲಿ ಮಾಡಿದ್ದು, ಪೋಲೆಂಡಿನಲ್ಲಿ ಮಾಡಿದ್ದು, ಕೆನಡಾದಲ್ಲಿ ಮಾಡಿದ್ದು ಎಲ್ಲವೂ ಅವರ ಲೆಕ್ಕದಲ್ಲಿ ಅಮೆರಿಕಾವೇ. ಒಮ್ಮೆ ಜಪಾನಿನವರು ಅಮೆರಿಕಾದ ಊರು ಕಟ್ಟಿ, ಅಮೆರಿಕಾದ ಮನುಷ್ಯರನ್ನು ಇಟ್ಟು ಮಾಡಿದ ಆಟ ಬಂತು. ಅದು ಯಾರ ಪಾಲಿಗೆ ಅಂತ ವಾರಗಟ್ಟಲೆ ಜಗಳ. ಕೊನೆಗೆ ಮಾವನ ಹತ್ತಿರ ಹೋದರು. ಮಾವ ಒಂದು ದಿನವೂ ಆ ಟಿವಿ ಮುಂದೆ ಕೂತವರಲ್ಲ. ಎಲೆ ಅಡಿಕೆ ಜಗಿಯುತ್ತಲೇ ತೀರ್ಪು ಹೇಳಿದರು.

“ಸೊಸಿ ತವರುಮನಿ ಯಾವ್ದಾದ್ರೇನು, ಅಡಿಗಿ ಯಾರ ಒಲಿ ಮ್ಯಾಲ ಆತು?”

ಆಟ ಜಪಾನಿನ ಪಾಲಿಗೆ ಬಂತು. ಇಲಿಯಾಸ್ ಎರಡು ದಿನ ನಮ್ಮ ಮನೆಯ ಚಹಾ ಕುಡಿಯಲಿಲ್ಲ.

ಹುಲಿಗೇಶನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಟದಲ್ಲಿ ಬರೆದದ್ದು ಏನೂ ತಿಳಿಯುತ್ತಿರಲಿಲ್ಲ. ಮೊದಲು ಮೊದಲು ಆಟದ ಮನುಷ್ಯನ ಶಕ್ತಿ ಎಷ್ಟು ಉಳಿದಿದೆ ಅಂತ ಮೂಲೆಯಲ್ಲಿ ತೋರಿಸುವ ಹಸಿರು ಪಟ್ಟಿಯನ್ನು ಪೆಟ್ರೋಲ್ ಅಂದುಕೊಂಡಿದ್ದ. ಕತೆ ಗೊತ್ತಾಗದೆ ತಾನೇ ಕತೆ ಕಟ್ಟಿ ಹೇಳುತ್ತಿದ್ದ. ಕತ್ತಿ ಹಿಡಿದ ಆ ಜಪಾನಿನ ಮನುಷ್ಯ ತಪ್ಪಿಸಿಕೊಂಡ ಎತ್ತು ಹುಡುಕಿಕೊಂಡು ಹೊರಟಿದ್ದಾನೆ ಅಂತ ಬಂದವರಿಗೆಲ್ಲ ಹೇಳಿದ. ಅವರು ನಂಬಿದರು. ಎತ್ತು ಸಿಕ್ಕಿತೇನು ಅಂತ ಬಜಾರಿನಲ್ಲಿ ಕೇಳುವವರಿದ್ದರು. ಇಂಗ್ಲಿಷ್ ಓದುವ ಇಲಿಯಾಸ್ ಬಂದು, ಇದರಲ್ಲಿ ಎತ್ತು ಎಲ್ಲಿಂದ ಬಂತು, ಅವನು ಸತ್ತ ರಾಜನ ಮಾತು ಉಳಿಸಲು ಹೊರಟವನು ಅಂತ ಓದಿ ತೋರಿಸಿದ.

“ಎತ್ತಿಲ್ಲ ಅಂತ ಎಲ್ಲಿ ಬರದೈತಿ, ತೋರ್ಸು” ಅಂದ ಹುಲಿಗೇಶ.

ಅವನ ವಾದ ಒಂದೇ. ಭಾರ. ಚೀಲ ಹೊತ್ತವನು ಭಾರದ ಮಾತು ಬಿಟ್ಟು ಬೇರೆ ಏನು ಆಡಿಯಾನು. ಜಪಾನಿನ ಆಟದಲ್ಲಿ ಕತ್ತಿ ಎತ್ತಿದರೆ ಎತ್ತಿದವನ ಹೆಗಲು ಇಳಿಯುತ್ತದೆ, ಬೀಸಿದರೆ ತಿರುಗಿ ನಿಲ್ಲಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಎದುರಿನವ ಹೊಡೆಯುತ್ತಾನೆ, ತಪ್ಪು ನಿನ್ನದೇ ಅಂತ ಗೊತ್ತಾಗುತ್ತದೆ ಅನ್ನುತ್ತಿದ್ದ. ಅಮೆರಿಕಾದವನು ಬೆಟ್ಟ ಹತ್ತಿ ಇಳಿದು ಹತ್ತು ಮಂದಿಯನ್ನು ಹೊಡೆದರೂ ಅವನಿಗೆ ಉಸಿರು ಹತ್ತುವುದಿಲ್ಲ, ಹೊಟ್ಟು ತುಂಬಿದ ಚೀಲ ಹೊತ್ತವನ ಹಾಗೆ ನಡೆಯುತ್ತಾನೆ ಅನ್ನುತ್ತಿದ್ದ.

ಇಲಿಯಾಸನ ವಾದ ಬೇರೆ. ಅಮೆರಿಕಾದವರು ಒಂದು ಆಟಕ್ಕೆ ನೂರಾರು ಮಂದಿಯನ್ನು ಕೂರಿಸಿ ವರ್ಷಗಟ್ಟಲೆ ದುಡಿಸುತ್ತಾರೆ, ಸಿನಿಮಾಕ್ಕಿಂತ ಹೆಚ್ಚು ಸುರಿಯುತ್ತಾರೆ. ಸುರಿದದ್ದು ಕಣ್ಣಿಗೆ ಕಾಣುತ್ತದೆ. ಮುಖ ನೋಡಿದರೆ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುತ್ತದೆ. ಬೇಕಾದ ಕಡೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಜಪಾನಿನವರು ಒಂದು ಓಣಿ ಕಟ್ಟಿ ಅದರಲ್ಲೇ ಸುತ್ತಿಸುತ್ತಾರೆ ಅನ್ನುತ್ತಿದ್ದ. ಹುಲಿಗೇಶ ಆ ಮಾತಿಗೆ ಹೀಗೆ ಜವಾಬು ಕೊಡುತ್ತಿದ್ದ: ಓಣಿ ಸಣ್ಣದೇ, ಆದರೆ ಅದರಲ್ಲಿ ಪ್ರತಿ ಅಂಗಡಿಯ ಬಾಗಿಲೂ ತೆರೆಯುತ್ತದೆ, ಒಳಗೆ ಹೋಗಿ ಊಟ ಮಾಡಬಹುದು. ನಿಮ್ಮ ದೊಡ್ಡ ಪಟ್ಟಣದಲ್ಲಿ ಸಾವಿರ ಬಾಗಿಲು, ಎಲ್ಲ ಗೋಡೆಗೆ ಬರೆದವು.

ಇದನ್ನು ಕೇಳಲಿಕ್ಕೇ ಮಂದಿ ಬರುತ್ತಿದ್ದರು. ಆಡುವವರಿಗಿಂತ ಕೇಳುವವರು ಹೆಚ್ಚಾಗಿ ಕುರ್ಚಿ ಸಾಲದೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ನಾನು ಏಳನೇ ಇಯತ್ತೆಯವರೆಗೆ ಓದಿದವಳು. ಬಿಸಿಲು ಏರಿ ಗಿರಾಕಿ ಇಲ್ಲದಾಗ ಹುಲಿಗೇಶ ನನ್ನ ಕೈಗೆ ರಿಮೋಟು ಕೊಡುತ್ತಿದ್ದ. ಕಾಯಿಪಲ್ಯ ಹೆಚ್ಚುವುದನ್ನು ಬದಿಗಿಟ್ಟು ಕೂರುತ್ತಿದ್ದೆ. ಎರಡೂ ಕಡೆಯ ಆಟ ಆಡಿದ್ದೇನೆ. ಜಪಾನಿನ ಆಟದಲ್ಲಿ ಒಬ್ಬ ರಾಕ್ಷಸನ ಕೈಯಲ್ಲಿ ಒಂದು ಬೇಸಿಗೆ ಪೂರ್ತಿ ಸತ್ತಿದ್ದೇನೆ. ಹುಲಿಗೇಶ ಬಾಜೂ ಕೂತು ಒಮ್ಮೆಯೂ ರಿಮೋಟು ಕಸಿಯಲಿಲ್ಲ, ಹೀಗೆ ಮಾಡು ಅನ್ನಲಿಲ್ಲ. ನೀನೇ ನೋಡು ಅನ್ನುತ್ತಿದ್ದ. ರಾಕ್ಷಸ ಬಿದ್ದ ದಿನ ನಾನು ಒಲೆ ಮೇಲಿನ ಬೇಳೆ ಸೀಯಿಸಿದ್ದೆ. ಅವನು ಅದನ್ನೇ ಉಂಡ.

ಈ ಸಲದ ಕಡಲೆ ಸುಗ್ಗಿಯಲ್ಲಿ ಅವನು ಸತ್ತ. ಮುಂಜಾನೆ ಲಾರಿಗೆ ಚೀಲ ಏರಿಸುತ್ತಿದ್ದ. ಎದೆ ಹಿಡಿದುಕೊಂಡು ಚೀಲದ ಸಾಲಿಗೆ ಒರಗಿದನಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ಇಲಿಯಾಸನೇ ಮನೆಗೆ ತಂದ. ಇದರ ಬಗ್ಗೆ ಇನ್ನು ಹೆಚ್ಚಿಗೆ ಬರೆಯುವುದಿಲ್ಲ.

ಅಂಗಡಿಯ ಶಟರ್ ಇಳಿಯಿತು. ತಿಂಗಳ ಕಾರ್ಯ ಮುಗಿಯುವ ತನಕ ಯಾರೂ ಆ ಸುದ್ದಿ ತೆಗೆಯಲಿಲ್ಲ. ಮುಗಿದ ಮರುದಿನ ಮೈದುನ ಪ್ರತಾಪ ತೆಗೆದ. ಬೀದಿಗೆ ಬಾಗಿಲಿರುವ ಕೋಣೆ, ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಡುತ್ತೇನೆ ಅಂದ. ಪ್ರತಾಪ ಕೆಟ್ಟವನಲ್ಲ. ನನಗೆ ಊಟ ಬಟ್ಟೆಗೆ ಕಡಿಮೆ ಮಾಡುವುದಿಲ್ಲ ಅಂತ ಎಲ್ಲರ ಮುಂದೆ ಹೇಳಿದ, ಮಾಡುತ್ತಲೂ ಇರಲಿಲ್ಲ. ಆದರೆ ನನಗೆ ಆ ಕೋಣೆ ಬೇಕಿತ್ತು. ಆ ಅಂಗಡಿ ನಾನು ನಡೆಸುತ್ತೇನೆ ಅಂದೆ. ಹುಲಿಗೇಶನ ಮಾತು ಉಳಿದದ್ದು ಅದೊಂದೇ ಜಾಗದಲ್ಲಿ. ಅಲ್ಲಿ ಗೊಬ್ಬರದ ಚೀಲ ಬಂದರೆ ಅವನು ಎರಡನೇ ಸಲ ಸಾಯುತ್ತಿದ್ದ.

ಮನೆ ಮಾವನ ಹೆಸರಿನಲ್ಲಿದೆ. ಅವರು ಹೇಳಿದ್ದೇ ಆಗುವುದು. ಅವರು ನನ್ನನ್ನು ಕೇಳಲಿಲ್ಲ, ಪ್ರತಾಪನನ್ನೂ ಕೇಳಲಿಲ್ಲ. ಇಲಿಯಾಸನನ್ನು ಕರೆಸಿದರು. ಅಂಗಡಿ ಕಟ್ಟಿದ್ದು ಇಬ್ಬರು, ಒಬ್ಬ ಹೋದ, ಇನ್ನೊಬ್ಬ ಏನು ಹೇಳುತ್ತಾನೋ ಅದರ ಮೇಲೆ ನಿರ್ಧಾರ ಅಂದರು. ನನಗೆ ಧೈರ್ಯ ಬಂತು. ಇಲಿಯಾಸ್ ನನ್ನ ಪರವಾಗಿ ಹೇಳುತ್ತಾನೆ ಅಂದುಕೊಂಡೆ.

ಇಲಿಯಾಸ್ ಬಂದ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅದರ ಮೇಲೆ ಕೂತ. ನಾನು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ.

“ಕಾಕಾ, ಹುಲಿಗೇಶ ಹೇಳಿದ್ದ ಖರೆ ಇತ್ತು. ಜಪಾನಿನ ಆಟಾನ ಗಟ್ಟಿ. ಆಂವಾ ಗೆದ್ದ, ನಾ ಸೋತೆ. ಇನ್ನ ಅಲ್ಲಿ ಕುಂತು ಯಾರ ಕೂಡ ಮಾತಾಡ್ಲಿ? ಪ್ರತಾಪಗ ಕೊಟ್ಟುಬಿಡ್ರಿ.”

ಪ್ರತಾಪ ಉಸಿರು ಬಿಟ್ಟ. ಮಾವ ಕಣ್ಣು ಒರೆಸಿಕೊಂಡರು. ಒಳ್ಳೆಯ ಗೆಳೆಯ ಅಂತ ಅವರಿಗೆ ಅನಿಸಿತು. ನನಗೆ ಮೈ ಉರಿಯಿತು. ಹೆಣಕ್ಕೆ ಹೂವಿನ ಹಾರ ಹಾಕುವ ಹಾಗೆ ಇವನು ಸೋಲು ಹಾಕುತ್ತಿದ್ದಾನೆ. ಹುಲಿಗೇಶ ಇದ್ದಾಗ ಒಂದು ಮಾತು ಬಿಟ್ಟುಕೊಡದವನು, ಅವನು ಜವಾಬು ಕೊಡಲಾರದ ಹೊತ್ತು ನೋಡಿ ಸೋತೆ ಅನ್ನುತ್ತಾನೆ.

ನಾನು ಪಡಸಾಲೆಗೆ ಬಂದೆ. ಹಿರಿಯರು ಕೂತಲ್ಲಿಗೆ ಹಾಗೆ ಬಂದವಳಲ್ಲ. ಬಂದೆ.

“ಇಲಿಯಾಸಣ್ಣ, ಯಾವ ಮಾತಿಗೆ ಸೋತ್ರಿ? ಅದನ್ನ ಹೇಳ್ರಿ.”

“ಎಲ್ಲಾದಕ್ಕೂ ವೈನಿ.”

“ಎಲ್ಲಾದಕ್ಕೂ ಅಂದ್ರ ಯಾವದಕ್ಕೂ ಅಲ್ಲ. ಒಂದ ಹೇಳ್ರಿ.”

ಇಲಿಯಾಸನ ಮನಸ್ಸಿನಲ್ಲಿ ಅಮೆರಿಕಾವೇ ಹೆಚ್ಚು ಅಂತ ನನಗೆ ಗೊತ್ತಿತ್ತು. ಪ್ರತಾಪ, ಇರಲಿ ಬಿಡು ವೈನಿ, ಈಗ ಆ ಮಾತು ಯಾಕೆ ಅಂದ. ನಾನು ಬಿಡಲಿಲ್ಲ. ನೆಲದ ಮೇಲೆ ಇಲಿಯಾಸನ ಎದುರಿಗೆ ಕೂತೆ. ಬಾಯಿಗೆ ಬಂದ ಹಾಗೆ ಬೈಯಲು ಶುರು ಮಾಡಿದೆ. ಅವನನ್ನಲ್ಲ, ಅವನ ಆಟಗಳನ್ನು. ನ್ಯಾಯವಾಗಿ ಬೈಯಲಿಲ್ಲ, ಬೇಕಂತಲೇ ಅನ್ಯಾಯವಾಗಿ ಬೈದೆ.

“ಅಮೆರಿಕಾದವ್ರ ಆಟ ಅಂದ್ರ ಸಾವ್ಕಾರ್ರ ಮದಿವಿ. ಪೆಂಡಾಲ ನೋಡು, ಲೈಟಿನ ಸರಾ ನೋಡು. ಊಟಕ್ಕ ಕುಂತ್ರ ಸಾರಿಗೆ ಉಪ್ಪಿಲ್ಲ.”

ಇಲಿಯಾಸ್ ಗಡ್ಡ ಕೆರೆದುಕೊಂಡ.

“ಆಟ ಕೊಂಡ ತರೂದು, ತಂದ ಮ್ಯಾಲ ಅದು ಅರ್ಧಾ ಬೆಂದಿರತೈತಿ. ಉಳದದ್ದು ನೆಟ್ಟಿನ್ಯಾಗ ಇಳಿಸ್ಕೋಬೇಕು. ಇಳಿಸೂದ್ರಾಗ ಸಂತಿ ಮುಗೀತೈತಿ.”

ಅವನ ಮೊಣಕಾಲು ಅಲುಗಲು ಹತ್ತಿತು.

“ಮತ್ತ ದಾರಿ ತೋರಸಾಕ ಒಂದ ಬಾಣ. ಬಾಣದ ಹಿಂದ ಹೋಗೂದು, ಮುಂದ ಮತ್ತೊಂದ ಬಾಣ. ಕುರಿ ಕಾಯೂ ನಾಯಿಗಿ ಇದಕ್ಕಿಂತ ಹೆಚ್ಚಿನ ಬುದ್ಧಿ ಬೇಕಾಕ್ಕೈತಿ.”

“ಬಾಣಾ ಬಂದ್ ಮಾಡಾಕ ಬರತೈತಿ ವೈನಿ” ಅಂದ ಇಲಿಯಾಸ್, ನೆಲ ನೋಡುತ್ತಲೇ. “ಸೆಟಿಂಗಿನ್ಯಾಗ ಐತಿ. ಹುಲಿಗೇಶಗ ಸಾಕಷ್ಟು ಸಲ ತೋರಿಸಿದ್ದೆ. ಆಂವಾ ಬೇಕಂತ ಮರೀತಿದ್ದ.”

“ಮರೀತಿದ್ದಿಲ್ಲ. ಬಂದ್ ಮಾಡಿದ್ರ ನಿಮ್ಮ ಆಟದಾಗ ದಾರಿನ ಸಿಗೂದಿಲ್ಲ. ಬಾಣಾ ನಂಬಿ ಊರ ಕಟ್ಟ್ಯಾರ ಅವ್ರು.”

ಅಲ್ಲಿಗೆ ಅವನ ಕಟ್ಟೆ ಒಡೆಯಿತು. ಕಾಲು ಮಡಚಿ ಮುಂದೆ ಸರಿದು ಕೂತ. ಜಪಾನಿನವರ ಮೇಲೆ ಎಷ್ಟು ವರ್ಷದ್ದು ಇತ್ತೋ ಅಷ್ಟನ್ನೂ ತೆಗೆದ. ಆಟದವನಿಗೆ ಒಂದು ಔಷಧ ಕುಡಿಸಲು ಟಿವಿಯಲ್ಲಿ ಆರು ಮೆನು ತೆರೆಯಬೇಕು ಅಂದ. ಹೆಣ್ಣುಮಕ್ಕಳು ಯುದ್ಧಕ್ಕೆ ಹೊರಡುವಾಗ ಹಾಕುವ ಬಟ್ಟೆ ಯಾವ ದೇವರಿಗೂ ಪ್ರೀತಿಯಲ್ಲ ಅಂದ. ಮೂವತ್ತು ವರ್ಷದ ಹಿಂದಿನ ಕತೆಗೆ ಹೊಸ ಬಣ್ಣ ಬಳಿದು ಮತ್ತೆ ಮಾರುತ್ತಾರೆ ಅಂದ. ನಾನು ಒಂದೊಂದಕ್ಕೂ ಜವಾಬು ಕೊಟ್ಟೆ. ಬಟ್ಟೆಯ ಮಾತಿಗೆ ಮಾತ್ರ ಕೊಡಲಿಲ್ಲ, ಅದು ಖರೆ. ಹಳೆಯ ಕತೆ ಮತ್ತೆ ಹೇಳುವುದು ತಪ್ಪಾದರೆ ನಿಮ್ಮ ಬಂದೂಕಿನ ಆಟ ವರ್ಷಾ ವರ್ಷಾ ಬರುವುದು ಯಾಕೆ ಅಂತ ಕೇಳಿದೆ. ಮಾವ ಜಗಿಯುವುದನ್ನು ನಿಲ್ಲಿಸಿದ್ದರು.

“ನಿಮ್ಮ ಜಪಾನಿನಂವಾ ಹೊಡದಾಡೂಕಿಂತ ಮೊದಲ ಭಾಷಣಾ ಮಾಡ್ತಾನ” ಅಂದ ಇಲಿಯಾಸ್. “ದೊಡ್ಡಾಟದ ರಾಜಾ ಬಂದಂಗ ಬಂದು ತನ್ನ ಹೆಸರ ತಾನ ಹೇಳ್ಕೊಂತಾನ. ಕೇಳಿ ಕೇಳಿ ನಿದ್ದಿ ಬರ್ತೈತಿ.”

“ಹೇಳ್ಕೊಂತಾನ. ಬಿದ್ದ ಮ್ಯಾಲೂ ಆ ಹೆಸರ ನೆನಪ ಉಳೀತೈತಿ. ನಿಮ್ಮ ಆಟದಾಗ ರಾಶಿಗಟ್ಟಲೆ ಮಂದಿ ಸಾಯ್ತಾರ. ಒಬ್ಬನ ಹೆಸರ ಹೇಳ್ರಿ ನೋಡೂಣು.”

“ನಮ್ಮಲ್ಲಿ ಸತ್ತಂವಗ ಹೆಂಡ್ತಿ ಇರ್ತಾಳ ವೈನಿ. ಅಕಿ ಮನಿ ಬಾಗಲಾಕ ಹೋಗಿ ನಿಂದ್ರಬೇಕಾಕ್ಕೈತಿ, ಅಕಿ ಮಾರಿ ನೋಡಬೇಕಾಕ್ಕೈತಿ. ಅದು ಖರೆ ಆಟ. ನಿಮ್ಮಲ್ಲಿ ಏನೈತಿ? ಸತ್ತಂವಾ ಮತ್ತ ಎದ್ದ ಬರ್ತಾನ.”

ಹೇಳಿದ ಮೇಲೆ ಅವನಿಗೆ ತಿಳಿಯಿತು ಏನು ಹೇಳಿದೆ ಅಂತ. ಬಾಯಿ ಮೇಲೆ ಕೈ ಇಟ್ಟುಕೊಂಡ. ಪ್ರತಾಪ ಎದ್ದು ನಿಂತ. ಮಾವ ಗೋಡೆ ಕಡೆ ಮುಖ ಮಾಡಿದರು. ಹುಲಿಗೇಶನ ಹೆಣ ಹೊತ್ತು ತಂದು ನಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದವನು ಇದೇ ಇಲಿಯಾಸ್. ಅವನ ಕಣ್ಣು ತುಂಬಿದ್ದವು. ನನ್ನವು ತುಂಬಲಿಲ್ಲ.

“ಹೌದು. ಎದ್ದ ಬರ್ತಾನ” ಅಂದೆ. “ಅದಕ್ಕ ನಮ್ಮದು ಹೆಚ್ಚು.”

ಬೀದಿಯಲ್ಲಿ ಗದಗ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

ಪ್ರತಾಪ ಮೆಲ್ಲಗೆ, ಇದೆಲ್ಲ ಸರಿ, ಆದರೆ ಗಂಡ ಸತ್ತ ಹೆಣ್ಣುಮಗಳು ಗಂಡಸರ ನಡುವೆ ಅಂಗಡಿಯಲ್ಲಿ ಕೂತರೆ ಊರು ಏನನ್ನುತ್ತದೆ ಅಂತ ಮಾವನನ್ನು ಕೇಳಿದ. ಮಾವ ಉತ್ತರ ಕೊಡುವ ಮುಂಚೆ ನಾನು ಕೊಟ್ಟೆ.

“ಮಾವಾರ, ನೀವು ಊರೂರು ತಿರುಗಿ ಹೆಣ್ಣ ಹೆಚ್ಚು ಅಂತ ಹಾಡಿದವ್ರು. ಮಂದಿ ಮುಂದ ಒಂದು, ಮನ್ಯಾಗ ಒಂದೇನು?”

ಹಾಗೆ ಅವರ ಮುಂದೆ ಯಾರೂ ಅಂದಿರಲಿಲ್ಲ. ತೀರಿಹೋದ ಅತ್ತೆಯೂ ಅಂದಿರಲಿಕ್ಕಿಲ್ಲ. ಹೊಡೆದರೆ ಹೊಡೆಯಲಿ ಅಂತ ಕೂತೆ. ಮಾವ ಎದ್ದು ಹೊರಗೆ ಹೋಗಿ ಉಗುಳಿ ಬಂದರು. ಬಂದು ಇಲಿಯಾಸನ ಮುಂದೆ ನಿಂತರು.

“ಇಲಿಯಾಸ, ಎದುರಿನ ಮೇಳ ಇಲ್ದ ಹಾಡಿಕಿ ಇಲ್ಲ. ನೀ ಎದುರ ಕುಂದರ್ತಿಯೋ ಇಲ್ಲೋ, ಅದನ್ನ ಹೇಳು. ಸತ್ತಂವನ ಸುದ್ದಿ ಬ್ಯಾಡ.”

“ಕುಂದರ್ತೀನ್ರಿ ಕಾಕಾ. ಇಷ್ಟ ಸುಳ್ಳ ಕೇಳಿ ಹೆಂಗ ಎದ್ದ ಹೋಗ್ಲಿ?”

“ಸೋತೆ ಅಂದ್ಯಲ್ಲ ಆಗ?”

“ತಪ್ಪಾತ್ರಿ. ಸೋತಿಲ್ಲ.”

ಮಾವ ಪ್ರತಾಪನ ಕಡೆ ತಿರುಗಿ, ಗೊಬ್ಬರಕ್ಕೆ ಬೇರೆ ಜಾಗ ನೋಡೋಣ ಅಂದರು. ಪ್ರತಾಪ ಸಿಟ್ಟಿನಿಂದ ಚಪ್ಪಲಿ ಮೆಟ್ಟಿಕೊಂಡು ಹೋದ. ಒಂದು ವಾರ ನನ್ನ ಕೂಡ ಮಾತು ಬಿಟ್ಟ. ಈಗ ಸ್ಟೇಷನ್ ರಸ್ತೆಯಲ್ಲಿ ಅವನಿಗೆ ಅಂಗಡಿ ಸಿಕ್ಕಿದೆ. ನಡೆಯುತ್ತದೆ.

ಶಟರ್ ಎತ್ತಿದ ದಿನ ಒಳಗೆ ಧೂಳಿತ್ತು, ಅವನ ಬೆವರಿನ ವಾಸನೆಯೂ ಇನ್ನೂ ಇತ್ತು. ಕುರ್ಚಿಗಳನ್ನು ತೊಳೆದೆ. ಹುಲಿಗೇಶ ಕೂರುತ್ತಿದ್ದ ಸ್ಟೂಲಿನ ಮೇಲೆ ನಾನೇ ಕೂತೆ. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಇಬ್ಬರು ಟ್ರ್ಯಾಕ್ಟರಿನವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ತಿರುಗಿ ಹೊರಟರು. ಏನು ಬೇಕು ಅಂತ ಕೂಗಿ ಕೇಳಿದೆ. ಕಾರಿನ ಆಟ ಅಂದರು. ಕಾರಿನ ಆಟ ಹಾಕುತ್ತೇನೆ, ಆದರೆ ಅದರಲ್ಲಿ ಎರಡು ನಮೂನೆ, ನಿಮಗೆ ಅಮೆರಿಕಾದ್ದು ಬೇಕೋ ನಿಜವಾದದ್ದು ಬೇಕೋ ಅಂದೆ. ರಸ್ತೆಯಾಚೆಯಿಂದ ಇಲಿಯಾಸ್ ಕೂಗಿದ, ಗಿರಾಕಿ ತಲೆ ಕೆಡಿಸಬೇಡಿ ವೈನಿ ಅಂತ. ಇಬ್ಬರೂ ನಕ್ಕು ಒಳಗೆ ಬಂದರು.

ಕೆಲವು ಹೆಂಗಸರು ನನ್ನ ಬಗ್ಗೆ ಆಡುತ್ತಾರೆ. ಗಂಡ ಸತ್ತು ವರ್ಷ ತುಂಬಿಲ್ಲ, ಟಿವಿ ಮುಂದೆ ಕೂತು ಕಿರುಚುತ್ತಾಳೆ ಅಂತ. ಕಿರುಚುತ್ತೇನೆ. ಮನೆಯಲ್ಲಿ ಅತ್ತರೆ ಒಳ್ಳೆಯವಳು, ಅಂಗಡಿಯಲ್ಲಿ ಜಗಳಾಡಿದರೆ ಕೆಟ್ಟವಳು ಅನ್ನುವುದಾದರೆ ಕೆಟ್ಟವಳೇ ಸೈ. ಅತ್ತದ್ದನ್ನು ಅವರಿಗೆ ತೋರಿಸಬೇಕಾಗಿಲ್ಲ.

ನಾನೂ ಇಲಿಯಾಸನೂ ಇನ್ನೂ ಯಾವ ಮಾತೂ ಇತ್ಯರ್ಥ ಮಾಡಿಲ್ಲ. ಹುಲಿಗೇಶನಷ್ಟು ಚೆನ್ನಾಗಿ ವಾದ ಮಾಡಲು ನನಗೆ ಬರುವುದಿಲ್ಲ. ಅವನು ನಗಿಸುತ್ತಿದ್ದ, ನಾನು ಬೈಯುತ್ತೇನೆ. ಕೆಲವು ಸಲ ಇಲಿಯಾಸನ ಮಾತೇ ಸರಿ ಅಂತ ಒಳಗೆ ಅನಿಸುತ್ತದೆ. ಅನಿಸಲಿ. ಜಪಾನು ನನ್ನ ಪಕ್ಷ.

ಇವತ್ತು ಮುಂಜಾನೆ ನಾನು ಕಸ ಹೊಡೆಯುತ್ತಿದ್ದೆ. ಇಲಿಯಾಸ್ ತನ್ನ ಅಂಗಡಿ ಬೀಗವನ್ನೂ ತೆಗೆಯದೆ ನೇರ ನನ್ನ ಬಾಗಿಲಿಗೆ ಬಂದ. ಕಣ್ಣು ಕೆಂಪಾಗಿದ್ದವು.

“ನಿದ್ದಿ ಬಂದಿಲ್ಲ ವೈನಿ. ನೀವು ನಿನ್ನೆ ಅಂದ ಮಾತಿಗೆ ಈಗ ಜವಾಬು ಸಿಕ್ಕೇತಿ.”

ಪೊರಕೆ ಬದಿಗಿಟ್ಟು ಕುರ್ಚಿ ಎಳೆದೆ.

“ಕುಂದರ್ರಿ. ತಪ್ಪಿರತೈತಿ, ಆದ್ರೂ ಹೇಳ್ರಿ.”